ಹಿಮದ ಹಾದಿಯಲ್ಲಿ ವಾಹನ: ಬಯಲಿನವರಿಗೆ ಕೆಲವು ಎಚ್ಚರಿಕೆಯ ಮಾತುಗಳು

ನಮ್ಮ ಕನ್ನಡದಲ್ಲಿ ‘ಮಂಜು’ ಎಂಬ ಒಂದೇ ಶಬ್ದ ಎಷ್ಟೊಂದು ಕೆಲಸ ಮಾಡುತ್ತದೆ! ಮಾರ್ಗಶಿರದ ಬೆಳಗಿನಲ್ಲಿ ಹೊಲದ ಮೇಲೆ ಹರಡುವ ಕಾವಳವೂ ಮಂಜು. ಆಗುಂಬೆಯ ತಿರುವಿನಲ್ಲಿ ಎದುರಿನ ಲಾರಿಯನ್ನು ಮರೆಮಾಡುವ ಮುಸುಕೂ ಮಂಜು. ಹಿಮಾಲಯದ ನೆತ್ತಿಯ ಮೇಲೆ ಹತ್ತಿಯ ಎಳೆಯಂತೆ ಇಳಿಯುವ ಹಿಮವೂ ಮಂಜು. ಹಿಮ ಬೀಳದ ನಾಡಿನ ನುಡಿಗೆ ಇವುಗಳ ಭೇದ ಅಷ್ಟಾಗಿ ಬೇಕಾಗಿರಲಿಲ್ಲ. ಆದರೆ ವಾಹನದ ಚಕ್ರವನ್ನು ಕೈಯಲ್ಲಿ ಹಿಡಿದವನಿಗೆ ಈ ಭೇದ ಪ್ರಾಣದಷ್ಟು ಮುಖ್ಯ. ಕಾವಳ ನಮ್ಮ ದೃಷ್ಟಿಯನ್ನು ಕಸಿದುಕೊಳ್ಳುತ್ತದೆ. ಹಿಮ ನೆಲದ ಮೇಲಿನ ಹಿಡಿತವನ್ನೇ ಕಸಿದುಕೊಳ್ಳುತ್ತದೆ. ಮೊದಲನೆಯದು ಕಣ್ಣಿಗೆ ಕಾಣುವ ಅಪಾಯ, ಎರಡನೆಯದು ಅನೇಕ ಬಾರಿ ಕಾಣದೆಯೇ ಬರುವ ಅಪಾಯ.

ದೆಹಲಿಯಲ್ಲಿಯೂ ಅದರ ಸುತ್ತಮುತ್ತಲೂ ನೆಲೆಸಿರುವ ಕನ್ನಡಿಗರಿಗೆ ಈ ವಿಷಯ ಈಗ ದೂರದ ಮಾತಾಗಿ ಉಳಿದಿಲ್ಲ. ಶಿಮ್ಲಾ ಇಲ್ಲಿಂದ ಸುಮಾರು 350 ಕಿಲೋಮೀಟರು, ಮನಾಲಿ ಸುಮಾರು 530 ಕಿಲೋಮೀಟರು. ಮೊದಲ ಹಿಮಪಾತದ ಸುದ್ದಿ ಬಂದ ಸಂಜೆಯೇ ಮಕ್ಕಳನ್ನೂ ಊರಿನಿಂದ ಬಂದ ಅಜ್ಜ ಅಜ್ಜಿಯರನ್ನೂ ಕೂರಿಸಿಕೊಂಡು ಹೊರಡುವ ಕುಟುಂಬಗಳು ಅನೇಕ. 2020ರ ಅಕ್ಟೋಬರ್ 3ರಂದು ಅಟಲ್ ಸುರಂಗ ಮಾರ್ಗ ತೆರೆದ ಮೇಲಂತೂ ಈ ಪ್ರಯಾಣದ ಸ್ವರೂಪವೇ ಬದಲಾಗಿದೆ. ಹಿಂದೆ 3,978 ಮೀಟರು ಎತ್ತರದ ರೋಹತಾಂಗ್ ಕಣಿವೆ ದಾರಿ ಚಳಿಗಾಲದಲ್ಲಿ ತಿಂಗಳುಗಟ್ಟಲೆ ಮುಚ್ಚಿರುತ್ತಿತ್ತು; ಆಚೆಯ ಲಾಹುಲ್ ಸೀಮೆ ಹೊರಜಗತ್ತಿನ ಸಂಪರ್ಕವನ್ನೇ ಕಳೆದುಕೊಳ್ಳುತ್ತಿತ್ತು. ಇಂದು ಸುಮಾರು 9 ಕಿಲೋಮೀಟರು ಉದ್ದದ ಸುರಂಗವನ್ನು ದಾಟಿ, ಸಾಮಾನ್ಯ ಕಾರಿನಲ್ಲಿ ಕುಳಿತವನು ಕೆಲವೇ ನಿಮಿಷಗಳಲ್ಲಿ 3,000 ಮೀಟರಿಗೂ ಮೇಲಿನ ಹಿಮದ ನಾಡಿಗೆ ಬಂದುಬಿಡುತ್ತಾನೆ. ದಾರಿ ಸುಲಭವಾಯಿತು, ಹಿಮದ ಸ್ವಭಾವ ಮಾತ್ರ ಬದಲಾಗಲಿಲ್ಲ. 2024ರ ಡಿಸೆಂಬರ್ ಕೊನೆಯ ವಾರದಲ್ಲಿ ಸೋಲಂಗ್ ಕಣಿವೆಯಿಂದ ಸುರಂಗದವರೆಗಿನ ದಾರಿಯಲ್ಲಿ ಹಿಮಕ್ಕೆ ಸಿಕ್ಕಿ ಸಾಲುಗಟ್ಟಿ ನಿಂತ ವಾಹನಗಳಿಂದ ಸಾವಿರಾರು ಪ್ರವಾಸಿಗರನ್ನು ಪೊಲೀಸರು ಬಿಡಿಸಿ ತರಬೇಕಾಯಿತು.

ಈ ಲೇಖನದ ಉದ್ದೇಶ ಯಾರನ್ನೂ ಹೆದರಿಸುವುದಲ್ಲ. ಹಿಮವನ್ನು ನೋಡುವ ಆಸೆ ಸಹಜವಾದದ್ದು, ಸುಂದರವಾದದ್ದು. ಆದರೆ ಬಯಲಿನಲ್ಲಿ ಕಲಿತ ಚಾಲನೆಯ ಜಾಣ್ಮೆ ಹಿಮದ ಮೇಲೆ ಎಲ್ಲಿ ಸಾಲದೆ ಹೋಗುತ್ತದೆ, ಅಂಥಲ್ಲಿ ಏನು ಮಾಡಬೇಕು, ದೇಹದ ಆರೋಗ್ಯವನ್ನು ಹೇಗೆ ಕಾಪಾಡಿಕೊಳ್ಳಬೇಕು ಎಂಬುದನ್ನು ಹೊರಡುವ ಮೊದಲೇ ತಿಳಿದಿರುವುದು ಮೇಲು.

ಜಾರುವಿಕೆಯ ಲೆಕ್ಕ

ಮಲೆನಾಡಿನಲ್ಲಾಗಲಿ ಕರಾವಳಿಯಲ್ಲಾಗಲಿ ಬೆಳೆದವರಿಗೆ ಶ್ರಾವಣದ ಮಳೆಯಲ್ಲಿ ಪಾಚಿಗಟ್ಟಿದ ಅಂಗಳದ ಅನುಭವ ಇದ್ದೇ ಇರುತ್ತದೆ. ಅದರ ಮೇಲೆ ನಡೆಯುವವನು ಪುಟ್ಟ ಹೆಜ್ಜೆಗಳನ್ನಿಡುತ್ತಾನೆ. ಥಟ್ಟನೆ ನಿಲ್ಲುವುದಿಲ್ಲ, ಥಟ್ಟನೆ ತಿರುಗುವುದಿಲ್ಲ. ಹಿಮದ ಮೇಲಿನ ಚಾಲನೆಯ ಶಾಸ್ತ್ರವೆಲ್ಲ ಈ ಒಂದು ನಡಿಗೆಯಲ್ಲಿ ಅಡಗಿದೆ.

ವಾಹನವನ್ನು ನಿಲ್ಲಿಸುವುದು ಬ್ರೇಕು ಎಂದು ನಾವು ಭಾವಿಸುತ್ತೇವೆ. ವಾಸ್ತವವಾಗಿ ಬ್ರೇಕು ಚಕ್ರವನ್ನು ಮಾತ್ರ ನಿಲ್ಲಿಸುತ್ತದೆ. ವಾಹನವನ್ನು ನಿಲ್ಲಿಸುವುದು ಟೈರಿಗೂ ನೆಲಕ್ಕೂ ನಡುವಿನ ಘರ್ಷಣೆ. ಒಣಗಿದ ಡಾಂಬರು ರಸ್ತೆಯಲ್ಲಿ ಗಂಟೆಗೆ 40 ಕಿಲೋಮೀಟರು ವೇಗದಲ್ಲಿರುವ ಕಾರು, ಬ್ರೇಕು ಹಿಡಿದ ಕ್ಷಣದಿಂದ ಸುಮಾರು 9 ಮೀಟರಿನೊಳಗೆ ನಿಲ್ಲಬಲ್ಲದು. ವಾಹನಗಳ ಓಡಾಟದಿಂದ ಗಟ್ಟಿಯಾದ ಹಿಮದ ಮೇಲೆ ಅದೇ ಕಾರಿಗೆ ಸುಮಾರು 30 ಮೀಟರು ಬೇಕು. ನುಣುಪಾದ ಮಂಜುಗಡ್ಡೆಯ ಮೇಲೆ 60 ಮೀಟರಿಗೂ ಹೆಚ್ಚು ಬೇಕು. ಅಪಾಯವನ್ನು ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಕಳೆಯುವ ಒಂದು ಸೆಕೆಂಡಿನಲ್ಲಿ ಓಡುವ 11 ಮೀಟರು ಈ ಲೆಕ್ಕಕ್ಕೆ ಸೇರಿಲ್ಲ. ಆದರೆ ಇದೇ ಗಣಿತದಲ್ಲಿ ನಮಗೊಂದು ಸಮಾಧಾನವೂ ಇದೆ. ವೇಗವನ್ನು ಅರ್ಧಕ್ಕೆ ಇಳಿಸಿದರೆ ನಿಲ್ಲಲು ಬೇಕಾದ ದೂರ ಅರ್ಧವಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. 20 ಕಿಲೋಮೀಟರು ವೇಗದಲ್ಲಿ ಮಂಜುಗಡ್ಡೆಯ ಮೇಲೂ ಸುಮಾರು 16 ಮೀಟರು ಸಾಕು.

ಈ ಲೆಕ್ಕವೆಲ್ಲ ಸಮತಟ್ಟಾದ ನೆಲದ್ದು. ಬೆಟ್ಟದ ದಾರಿಯಲ್ಲಿ ಹತ್ತು ಅಡಿಗೆ ಒಂದು ಅಡಿ ಇಳಿಯುವ ಇಳಿಜಾರು ಅಪರೂಪವಲ್ಲ. ಅಂಥ ಇಳಿಜಾರಿನಲ್ಲಿ ಮಂಜುಗಡ್ಡೆ ಕಟ್ಟಿದ್ದರೆ, ಟೈರಿನ ಹಿಡಿತವನ್ನೆಲ್ಲ ಇಳಿಜಾರೇ ನುಂಗಿಬಿಡುತ್ತದೆ. ನಾಲ್ಕೂ ಚಕ್ರಗಳು ನಿಂತಿದ್ದರೂ ವಾಹನ ಜಾರುತ್ತಲೇ ಇರುತ್ತದೆ. ಅಲ್ಲಿ ಎಂಥ ನಿಪುಣ ಚಾಲಕನೂ ನಿಸ್ಸಹಾಯಕ. ಆದುದರಿಂದ ಹಿಮದ ದಾರಿಯ ಅತಿ ಮುಖ್ಯವಾದ ನಿರ್ಧಾರವನ್ನು ಇಳಿಜಾರಿನ ನಡುವೆ ಕೈಗೊಳ್ಳಲಾಗದು; ಇಳಿಜಾರಿನ ತಲೆಯಲ್ಲಿ ನಿಂತೇ ಕೈಗೊಳ್ಳಬೇಕು.

ಇನ್ನೊಂದು ವಿಚಿತ್ರವನ್ನೂ ಗಮನಿಸಬೇಕು. ಚಳಿ ಹೆಚ್ಚಿದಷ್ಟೂ ಜಾರುವಿಕೆ ಹೆಚ್ಚುತ್ತದೆಂಬುದು ತಪ್ಪು ತಿಳಿವಳಿಕೆ. ಉಷ್ಣತೆ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿದ್ದಾಗಲೇ ಮಂಜುಗಡ್ಡೆಯ ಮೈ ತೆಳುವಾಗಿ ಒದ್ದೆಯಾಗಿ, ಅತ್ಯಂತ ನುಣುಪಾಗಿರುತ್ತದೆ. ಬಿಸಿಲು ಬಂತೆಂದು ಎಚ್ಚರ ತಪ್ಪುವಂತಿಲ್ಲ.

ಕಾಣದ ಮಂಜುಗಡ್ಡೆ

ಬಿಳಿಯ ಹಿಮಕ್ಕಿಂತ ಹೆಚ್ಚು ಪ್ರಾಣಾಂತಕವಾದದ್ದು ಕಣ್ಣಿಗೆ ಕಾಣದ ಮಂಜುಗಡ್ಡೆ. ಹಗಲಿನಲ್ಲಿ ಕರಗಿದ ಹಿಮದ ನೀರು ರಸ್ತೆಗೆ ಅಡ್ಡಲಾಗಿ ಹರಿದು, ರಾತ್ರಿ ಗಾಜಿನ ಹಾಳೆಯಂತೆ ಹೆಪ್ಪುಗಟ್ಟುತ್ತದೆ. ಅದು ಪಾರದರ್ಶಕ, ಅದರ ಮೂಲಕ ಡಾಂಬರಿನ ಕಪ್ಪು ಬಣ್ಣವೇ ಕಾಣುವುದರಿಂದ ರಸ್ತೆ ಬರಿದೇ ಒದ್ದೆಯಾಗಿರುವಂತೆ ತೋರುತ್ತದೆ. ಹಿಮ ಬೀಳದ ರಾತ್ರಿಗಳಲ್ಲಿಯೂ ಗಾಳಿಯ ತೇವವೇ ನೆಲದ ಮೇಲೆ ಹೆಪ್ಪುಗಟ್ಟುವುದುಂಟು. ಇದನ್ನು ಅಲ್ಲಿಯ ಜನ ‘ಪಾಲಾ’ ಎನ್ನುತ್ತಾರೆ. ರಸ್ತೆಯಲ್ಲಿ ಪಾಲಾ ಬಿದ್ದಿದೆ ಎಂದು ಚಹಾದ ಅಂಗಡಿಯವನು ಹೇಳಿದರೆ ಆ ಮಾತನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಇದು ಎಲ್ಲೆಲ್ಲಿ ಅಡಗಿರುತ್ತದೆಂಬುದನ್ನು ಊಹಿಸಬಹುದು. ಬಿಸಿಲು ತಾಗದ ಉತ್ತರದ ಮಗ್ಗುಲಿನ ತಿರುವುಗಳು, ದೇವದಾರು ಮರಗಳ ನೆರಳು, ಝರಿಗಳು ರಸ್ತೆ ದಾಟುವ ಜಾಗಗಳು ಇವು ಮುಖ್ಯವಾದವು. ಸೇತುವೆಗಳು ಎಲ್ಲಕ್ಕಿಂತ ಮೊದಲು ಹೆಪ್ಪುಗಟ್ಟುತ್ತವೆ. ಏಕೆಂದರೆ ಅವುಗಳ ಕೆಳಗೆ ಕಾವು ಹಿಡಿದಿಡುವ ನೆಲವಿಲ್ಲ, ಮೇಲಿನಿಂದಲೂ ಕೆಳಗಿನಿಂದಲೂ ತಣ್ಣನೆಯ ಗಾಳಿ ಬೀಸುತ್ತಿರುತ್ತದೆ. ಸುರಂಗದ ಬಾಯಿಯೂ ಅಂಥದೇ ಜಾಗ. ಒಳಗೆ ಒಣಗಿದ ರಸ್ತೆಯಲ್ಲಿ ಸರಾಗವಾಗಿ ಬಂದವನಿಗೆ ಹೊರಗೆ ಕಾಲಿಟ್ಟೊಡನೆ ಹಿಮದ ನೆಲ ಎದುರಾಗುತ್ತದೆ. ಹೊರಗಿನ ಬೆಳಕು ಕಂಡ ಮೇಲೆ ಬ್ರೇಕು ಒತ್ತುವುದಲ್ಲ, ಒಳಗಿರುವಾಗಲೇ ವೇಗವನ್ನು ತಗ್ಗಿಸಿಕೊಳ್ಳುವುದು ಸರಿಯಾದ ಕ್ರಮ. ಹಿಮದ ದಿನಗಳಲ್ಲಿ ಬೆಳಗಿನ ಹತ್ತು ಗಂಟೆಯ ನಂತರ ಹೊರಟು, ಮಧ್ಯಾಹ್ನ ಮೂರು ಗಂಟೆಯೊಳಗೆ ತಂಗುವ ಜಾಗ ಸೇರುವಂತೆ ಪ್ರಯಾಣವನ್ನು ಹೊಂದಿಸಿಕೊಳ್ಳುವುದು ವಿವೇಕ.

ಹೊರಡುವ ಮೊದಲು

ಮೊದಲು ಟೈರುಗಳನ್ನು ನೋಡಬೇಕು. ನಮ್ಮ ಕಾನೂನು ಟೈರಿನ ಗೀರುಗಳು ಕನಿಷ್ಠ 1.6 ಮಿಲಿಮೀಟರು ಆಳವಿರಬೇಕೆನ್ನುತ್ತದೆ. ಹಿಮಕ್ಕೆ ಅದು ಏನೇನೂ ಸಾಲದು, 4 ಮಿಲಿಮೀಟರಾದರೂ ಇರಬೇಕು. ಸಾಮಾನ್ಯ ಟೈರಿನ ರಬ್ಬರು ಸುಮಾರು 7 ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಬಿರುಸಾಗಿ ಹಿಡಿತ ಕಳೆದುಕೊಳ್ಳುತ್ತದೆ. ಅದಕ್ಕಾಗಿಯೇ ಜರ್ಮನಿಯಂಥ ದೇಶದಲ್ಲಿ ಹಿಮದ ರಸ್ತೆಗೆ ಚಳಿಗಾಲದ ಮೆದು ಟೈರುಗಳು ಕಡ್ಡಾಯ. ನಮ್ಮಲ್ಲಿ ಅವು ವಿರಳ; ಆದುದರಿಂದ ಚಕ್ರಕ್ಕೆ ಸುತ್ತುವ ಸರಪಳಿಗಳನ್ನು ಜೊತೆಯಲ್ಲಿ ಒಯ್ಯಬೇಕು. ಎಂಜಿನ್ನಿನ ಶಕ್ತಿ ಯಾವ ಚಕ್ರಗಳಿಗೆ ಹೋಗುತ್ತದೆಯೋ ಆ ಚಕ್ರಗಳಿಗೆ ಸರಪಳಿ ಕಟ್ಟಬೇಕು. ಇದನ್ನು ಮನೆಯ ಅಂಗಳದಲ್ಲಿ ಒಮ್ಮೆಯಾದರೂ ಅಭ್ಯಾಸ ಮಾಡಿರಬೇಕು. ಮರಗಟ್ಟಿದ ಬೆರಳುಗಳಿಂದ, ಕತ್ತಲೆಯಲ್ಲಿ ಕಲಿಯುವ ವಿದ್ಯೆ ಅದಲ್ಲ. ಸರಪಳಿ ಕಟ್ಟಿದ ಮೇಲೆ 30 ಕಿಲೋಮೀಟರಿನ ವೇಗ ಮೀರದಿರುವುದು ಲೇಸು. ಬರಿಯ ಡಾಂಬರು ಸಿಕ್ಕಿದೊಡನೆ ಅವನ್ನು ಬಿಚ್ಚಬೇಕು.

ನಾಲ್ಕೂ ಚಕ್ರಗಳಿಗೆ ಶಕ್ತಿ ಹರಿಯುವ ವಾಹನ ತಮ್ಮಲ್ಲಿದೆಯೆಂದು ಧೈರ್ಯಗೊಳ್ಳುವವರುಂಟು. ಅಂಥ ವಾಹನ ಹಿಮದಲ್ಲಿ ಹೊರಡಲು, ಏರಲು ನಿಜವಾಗಿಯೂ ನೆರವಾಗುತ್ತದೆ. ಆದರೆ ನಿಲ್ಲುವಾಗ ಅದಕ್ಕೆ ಯಾವ ವಿಶೇಷ ಶಕ್ತಿಯೂ ಇಲ್ಲ. ಎಲ್ಲ ಕಾರುಗಳಿಗೂ ಬ್ರೇಕು ನಾಲ್ಕೇ ಚಕ್ರಕ್ಕೆ. ಸುಲಭವಾಗಿ ಏರಿದವನು ಅಷ್ಟೇ ಸುಲಭವಾಗಿ ಇಳಿಯುತ್ತೇನೆಂದು ಭಾವಿಸುವುದರಿಂದಲೇ ಅನಾಹುತ ಸಂಭವಿಸುತ್ತದೆ.

ಎಂಜಿನ್ನನ್ನು ತಂಪಾಗಿಡುವ ನೀರಿಗೆ ಹೆಪ್ಪುಗಟ್ಟದಂತೆ ತಡೆಯುವ ದ್ರವ ಬೆರೆತಿರಬೇಕು. ಚಳಿಯಲ್ಲಿ ಬ್ಯಾಟರಿಯ ಶಕ್ತಿ ಕುಗ್ಗುವುದರಿಂದ ಹಳೆಯದಾಗಿದ್ದರೆ ಬದಲಾಯಿಸಬೇಕು. ಡೀಸೆಲ್ ವಾಹನದವರಿಗೆ ಇನ್ನೊಂದು ಮಾತು: ಬಯಲಿನಲ್ಲಿ ತುಂಬಿಸಿದ ಡೀಸೆಲ್ ತೀವ್ರ ಚಳಿಯಲ್ಲಿ ಮೇಣದಂತೆ ಗಟ್ಟಿಯಾಗಿ ಎಂಜಿನ್ನಿಗೆ ಹರಿಯದೆ ಹೋಗಬಹುದು. ಈ ತೊಂದರೆಗಾಗಿಯೇ 2019ರ ನವೆಂಬರಿನಲ್ಲಿ ಇಂಡಿಯನ್ ಆಯಿಲ್ ಸಂಸ್ಥೆ ಲಡಾಖಿಗೆಂದು, ಸೊನ್ನೆಗಿಂತ 33 ಡಿಗ್ರಿ ಕೆಳಗಿನ ಚಳಿಯವರೆಗೂ ಹರಿಯಬಲ್ಲ ಚಳಿಗಾಲದ ಡೀಸೆಲನ್ನು ಹೊರತಂದಿತು. ಮೇಲಿನ ಪ್ರದೇಶಕ್ಕೆ ಹೋಗುವವರು ಅಲ್ಲಿಯ ಚಳಿಗಾಲದ ಡೀಸೆಲನ್ನೇ ತುಂಬಿಸಿಕೊಳ್ಳುವುದು ಒಳ್ಳೆಯದು.

ಚಾಲನೆಯ ರೀತಿ

ಹೊರಡುವಾಗ ಎರಡನೆಯ ಗೇರಿನಲ್ಲಿ, ಆಕ್ಸಿಲರೇಟರನ್ನು ಮೆಲ್ಲಗೆ ಒತ್ತಿ ಹೊರಡಬೇಕು. ಮುಂದಿನ ವಾಹನದಿಂದ ಬಯಲಿನಲ್ಲಿ ಬಿಡುವ ಅಂತರದ ಹಲವು ಪಟ್ಟು ಅಂತರ ಬಿಡಬೇಕು. ಏರಿನಲ್ಲಿ ಮುಂದಿನ ವಾಹನ ತುದಿ ತಲುಪುವವರೆಗೆ ಕೆಳಗೇ ಕಾದು, ಆಮೇಲೆ ಒಂದೇ ಸಮನಾದ ನಿಧಾನಗತಿಯಲ್ಲಿ ಎಲ್ಲಿಯೂ ನಿಲ್ಲದೆ ಏರಬೇಕು. ನಡುವೆ ನಿಂತರೆ ಮತ್ತೆ ಹೊರಡುವುದು ದುಸ್ಸಾಧ್ಯ. ಇಳಿಯುವಾಗ ತಲೆಯಲ್ಲೇ ಮೊದಲನೆಯ ಅಥವಾ ಎರಡನೆಯ ಗೇರು ಹಾಕಿ ಎಂಜಿನ್ನಿನ ತಡೆಯಿಂದಲೇ ಇಳಿಯಬೇಕು. ತಿರುವಿನಲ್ಲಿ ಬ್ರೇಕು ಹಾಕಬಾರದು. ತಿರುವಿಗೆ ಮೊದಲೇ, ಚಕ್ರಗಳು ನೇರವಾಗಿರುವಾಗ, ವೇಗವನ್ನು ಇಳಿಸಿಕೊಳ್ಳಬೇಕು.

ವಾಹನ ಜಾರತೊಡಗಿದರೆ ಮನುಷ್ಯನ ಮೊದಲ ಪ್ರವೃತ್ತಿ ಬ್ರೇಕನ್ನು ಬಲವಾಗಿ ತುಳಿಯುವುದು. ಮೈ ಅಡ್ಡಕ್ಕೆ ತಿರುಗುತ್ತಿರುವಾಗ ಅದು ಕೆಡುಕನ್ನು ಹೆಚ್ಚಿಸುತ್ತದೆ. ಆಕ್ಸಿಲರೇಟರಿನಿಂದ ಕಾಲು ತೆಗೆದು, ಯಾವ ಕಡೆಗೆ ಹೋಗಬೇಕೋ ಆ ಕಡೆಗೆ ದೃಷ್ಟಿಯಿಟ್ಟು, ಅತ್ತಲೇ ಸ್ಟಿಯರಿಂಗನ್ನು ಮೆಲ್ಲಗೆ ತಿರುಗಿಸಬೇಕು. ಕಣ್ಣು ಪ್ರಪಾತವನ್ನು ನೋಡುತ್ತಿದ್ದರೆ ಕೈಯೂ ಅತ್ತಲೇ ಒಯ್ಯುತ್ತದೆ. ನೇರ ದಾರಿಯಲ್ಲಿ ತುರ್ತಾಗಿ ನಿಲ್ಲಿಸಬೇಕಾದಾಗ, ಚಕ್ರ ಬಿಗಿಯದಂತೆ ತಡೆಯುವ ಏಬಿಎಸ್ ಇರುವ ವಾಹನದಲ್ಲಿ ಬ್ರೇಕನ್ನು ಬಲವಾಗಿ ಒತ್ತಿ ಹಿಡಿಯಬೇಕು. ಕಾಲಿನ ಕೆಳಗೆ ಪೆಡಲು ನಡುಗಿದರೆ ಗಾಬರಿ ಬೇಡ. ಅದು ತನ್ನ ಕೆಲಸ ಮಾಡುತ್ತಿದೆ ಎಂದರ್ಥ. ಆ ಸೌಕರ್ಯವಿಲ್ಲದ ಹಳೆಯ ವಾಹನದಲ್ಲಿ ಬ್ರೇಕನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ನಿಲ್ಲಿಸಬೇಕು. ಹಿಮ ಸುರಿಯುವಾಗ ದೀಪವನ್ನು ತಗ್ಗಿಸಿಯೇ ಇಡಬೇಕು. ಎತ್ತರಿಸಿದ ಬೆಳಕು ಹಿಮದ ಹಳಕುಗಳಿಗೆ ತಾಗಿ ನಮ್ಮ ಕಣ್ಣಿಗೇ ಮರಳುತ್ತದೆ. ರಾತ್ರಿ ನಿಲ್ಲಿಸುವಾಗ ಕೈಬ್ರೇಕು ಹೆಪ್ಪುಗಟ್ಟಿ ಕಚ್ಚಿಕೊಳ್ಳಬಹುದಾದ್ದರಿಂದ, ಸಮತಟ್ಟಾದ ಜಾಗದಲ್ಲಿ ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡುವುದು ರೂಢಿ.

ಸಿಕ್ಕಿಬಿದ್ದಾಗ: ವಿಷಗಾಳಿಯ ಅಪಾಯ

ಹಿಮಕ್ಕೆ ಸಿಕ್ಕಿದ ವಾಹನದಲ್ಲಿ ಸಾವು ಬರುವುದು ಚಳಿಯಿಂದ ಮಾತ್ರವಲ್ಲ. 2022ರ ಜನವರಿ 7ರ ರಾತ್ರಿ ಪಾಕಿಸ್ತಾನದ ಮರ್ರೀ ಎಂಬಲ್ಲಿ, ಶಿಮ್ಲಾದಂತೆಯೇ ಬ್ರಿಟಿಷರು ಕಟ್ಟಿದ ಗಿರಿಧಾಮದಲ್ಲಿ, ಹಿಮವನ್ನು ನೋಡಲು ಬಂದ ಪ್ರವಾಸಿಗರ ಸಾವಿರಾರು ವಾಹನಗಳು ಹಿಮಪಾತದಲ್ಲಿ ಸಿಕ್ಕಿಕೊಂಡವು. ಬೆಳಗಾಗುವಷ್ಟರಲ್ಲಿ ಮಕ್ಕಳೂ ಸೇರಿ ಇಪ್ಪತ್ತಕ್ಕೂ ಹೆಚ್ಚು ಮಂದಿ ತಮ್ಮ ಕಾರುಗಳಲ್ಲಿಯೇ ಪ್ರಾಣ ಬಿಟ್ಟಿದ್ದರು. ಅವರಲ್ಲಿ ಕೆಲವರ ಸಾವಿಗೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲವೇ ಕಾರಣವೆಂಬ ಶಂಕೆ ವ್ಯಕ್ತವಾಯಿತು. ಕಾವಿಗಾಗಿ ಎಂಜಿನ್ನನ್ನು ಓಡಿಸುತ್ತಾ ಕಿಟಕಿ ಮುಚ್ಚಿ ಮಲಗಿದರೆ, ಹೊಗೆಯ ಕೊಳವೆಯನ್ನು ಹಿಮ ಮುಚ್ಚಿದಾಗ ಹೊರಹೋಗಬೇಕಾದ ಅನಿಲ ಒಳಗೆ ಸೇರುತ್ತದೆ.

ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಂಡು, ಆಮ್ಲಜನಕಕ್ಕೆ ಜಾಗವಿಲ್ಲದಂತೆ ಮಾಡುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ಮಂಪರು ಅದರ ಲಕ್ಷಣಗಳು. ಮುಚ್ಚಿದ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಟ್ಟು ಮಲಗಿದವರು ಬೆಳಗ್ಗೆ ಏಳದ ಸುದ್ದಿಗಳನ್ನು ಉತ್ತರ ಭಾರತದ ಚಳಿಗಾಲದಲ್ಲಿ ನಾವು ಓದುತ್ತಲೇ ಇರುತ್ತೇವೆ. ಅಲ್ಲಿಯೂ ಇದೇ ಅನಿಲ, ಇದೇ ಸಾವು. ಆದುದರಿಂದ ಸಿಕ್ಕಿಬಿದ್ದವರು ಮೊದಲು ಹೊಗೆಕೊಳವೆಯ ಸುತ್ತಲಿನ ಹಿಮವನ್ನು ತೆಗೆಯಬೇಕು. ಗಂಟೆಗೆ ಹತ್ತು ನಿಮಿಷ ಮಾತ್ರ ಎಂಜಿನ್ ಓಡಿಸಬೇಕು. ಪ್ರತಿ ಬಾರಿಯೂ ಓಡಿಸುವ ಮೊದಲು ಕೊಳವೆಯನ್ನು ಮತ್ತೆ ನೋಡಬೇಕು. ಗಾಳಿ ಬೀಸದ ಮಗ್ಗುಲಿನ ಕಿಟಕಿಯನ್ನು ಒಂದು ಬೆರಳಿನಷ್ಟು ತೆರೆದಿಡಬೇಕು. ಎಲ್ಲರೂ ಒಟ್ಟಿಗೆ ನಿದ್ರಿಸಬಾರದು.

ವಾಹನವನ್ನು ಬಿಟ್ಟು ಹಿಮದ ಬಿರುಗಾಳಿಯಲ್ಲಿ ನಡೆದು ಹೋಗುವುದು ಸಲ್ಲದು. ಹತ್ತಿರದಲ್ಲೇ ಮನೆ ಕಾಣುತ್ತಿದ್ದರೆ ಮಾತು ಬೇರೆ. ಇಲ್ಲವಾದರೆ ವಾಹನವೇ ಆಶ್ರಯ. ಬಣ್ಣದ ಬಟ್ಟೆಯೊಂದನ್ನು ಎತ್ತರಕ್ಕೆ ಕಟ್ಟಿ, 112ಕ್ಕೆ ಕರೆ ಮಾಡಿ, ಇರುವ ಜಾಗವನ್ನು ತಿಳಿಸಿ ಕಾಯಬೇಕು. ಕಂಬಳಿ, ಬೆಲ್ಲ, ಕಡಲೆ, ಖರ್ಜೂರ, ಕುಡಿಯುವ ನೀರು, ಬಿಸಿನೀರಿನ ಫ್ಲಾಸ್ಕು, ಟಾರ್ಚು, ಸಣ್ಣ ಸಲಿಕೆ, ಒಂದು ಚೀಲ ಮರಳು ಇಷ್ಟಾದರೂ ಜೊತೆಗಿರಲಿ. ಚಕ್ರ ಜಾರುವೆಡೆ ಮರಳು ಎರಚಿದರೆ ಹಿಡಿತ ಸಿಗುತ್ತದೆ.

ಚಳಿ ಮತ್ತು ದೇಹ

ದೇಹದ ಒಳಗಿನ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅಪಾಯ ಆರಂಭವಾಗುತ್ತದೆ. ಮೊದಲು ನಡುಕ, ಆಮೇಲೆ ತೊದಲು, ಗೊಂದಲ, ತೂಕಡಿಕೆ. ನಡುಗುತ್ತಿದ್ದವನು ನಡುಕ ನಿಲ್ಲಿಸಿ ಮಂಕಾದರೆ ಚೇತರಿಸಿಕೊಂಡನೆಂದು ತಿಳಿಯಬಾರದು. ಅದು ಸ್ಥಿತಿ ಬಿಗಡಾಯಿಸಿದ ಗುರುತು. ಒದ್ದೆ ಬಟ್ಟೆ ತೆಗೆದು, ಒಣ ಕಂಬಳಿ ಹೊದಿಸಿ, ಎಚ್ಚರವಿದ್ದರೆ ಬಿಸಿಯಾದ ಸಿಹಿ ಪಾನೀಯ ಕೊಟ್ಟು, ಬೇಗನೆ ವೈದ್ಯರ ಬಳಿಗೆ ಒಯ್ಯಬೇಕು. ಚಳಿಗೆ ಮದ್ಯ ಔಷಧವೆಂಬುದು ಅಪಾಯಕಾರಿ ನಂಬಿಕೆ. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಬೆಚ್ಚಗಾದಂತೆ ಭ್ರಮೆ ಹುಟ್ಟಿಸುತ್ತದೆ, ಒಳಗಿನ ಕಾವನ್ನು ಹೊರಕ್ಕೆ ಸುರಿಯುತ್ತದೆ. ಚಾಲಕನಂತೂ ಅದನ್ನು ಮುಟ್ಟಲೇಬಾರದು.

ಬೆರಳು, ಮೂಗು, ಕಿವಿಗಳು ಬಿಳಿಚಿ ಸ್ಪರ್ಶ ಕಳೆದುಕೊಂಡರೆ ಅದು ಹಿಮಕಡಿತ. ಅಲ್ಲಿ ಉಜ್ಜಬಾರದು, ಬೆಂಕಿಗೆ ಹಿಡಿಯಬಾರದು. ಮತ್ತೆ ಹೆಪ್ಪುಗಟ್ಟುವ ಭಯವಿಲ್ಲದ ಜಾಗ ಸೇರಿದ ಮೇಲೆ, ಮೈಬಿಸಿಗಿಂತ ತುಸುವೇ ಹೆಚ್ಚು ಬೆಚ್ಚಗಿರುವ ನೀರಿನಲ್ಲಿ ಅದ್ದಿಡಬೇಕು. ಬಿಸಿಲಿನ ದಿನ ಹಿಮದಿಂದ ಮರಳುವ ಅತಿನೇರಳೆ ಕಿರಣಗಳು ಕಣ್ಣನ್ನು ಸುಡುತ್ತವೆ; ಚಾಲಕನಿಗೆ ಕಪ್ಪು ಕನ್ನಡಕ ಅಲಂಕಾರವಲ್ಲ, ಅವಶ್ಯಕತೆ.

ಹಿರಿಯರನ್ನು ಕರೆದೊಯ್ಯುವವರು ವಿಶೇಷವಾಗಿ ಗಮನಿಸಬೇಕು. ಚಳಿಯಲ್ಲಿ ರಕ್ತನಾಳಗಳು ಸಂಕುಚಿತಗೊಂಡು ರಕ್ತದ ಒತ್ತಡ ಏರುತ್ತದೆ. ಅಂಥ ಹೊತ್ತಿನಲ್ಲಿ ಕಾರು ತಳ್ಳುವುದು, ಹಿಮ ಅಗೆಯುವುದು ಹೃದ್ರೋಗಿಗಳಿಗೆ ಮಾರಕವಾಗಬಹುದು. ಔಷಧಗಳು ಡಿಕ್ಕಿಯಲ್ಲಿರದೆ ಕೈಚೀಲದಲ್ಲಿರಲಿ. ಇನ್ಸುಲಿನ್ ಒಮ್ಮೆ ಹೆಪ್ಪುಗಟ್ಟಿದರೆ ಕರಗಿದ ಮೇಲೆ ಉಪಯೋಗಕ್ಕೆ ಬಾರದು; ಅದನ್ನು ಒಳ ಉಡುಪಿನ ಜೇಬಿನಲ್ಲಿ ಮೈಗೆ ಹತ್ತಿರವಾಗಿ ಇಟ್ಟುಕೊಳ್ಳಬೇಕು. ಸುಮಾರು 2,500 ಮೀಟರಿನ ಮೇಲೆ ಎತ್ತರದ ಬಾಧೆಯೂ ಸೇರಿಕೊಳ್ಳುತ್ತದೆ. ಅಲ್ಲಿ ತಲೆನೋವು, ವಾಕರಿಕೆ ಹೆಚ್ಚುತ್ತಿದ್ದರೆ ಕೆಳಗಿಳಿಯುವುದೇ ಮದ್ದು. ನೆಗಡಿಗೆ ನುಂಗುವ ಕೆಲವು ಮಾತ್ರೆಗಳು ತೂಕಡಿಕೆ ತರುತ್ತವೆಂಬುದು ಚಾಲಕನಿಗೆ ನೆನಪಿರಬೇಕು.

ಹಿಂದಿರುಗುವ ವಿವೇಕ

ಹಿಮಪಾತದ ದಿನಗಳಲ್ಲಿ ಪೊಲೀಸರು ತಡೆ ಹಾಕಿ, ಮುಂದೆ ಸಾಮಾನ್ಯ ಕಾರುಗಳಿಗೆ ಪ್ರವೇಶವಿಲ್ಲವೆಂದಾಗ, ದೂರದಿಂದ ಬಂದವರಿಗೆ ನಿರಾಶೆಯಾಗುವುದು ಸಹಜ. ರಜೆ ಮುಗಿಯುತ್ತಿದೆ, ಕೊಠಡಿಗೆ ಹಣ ಕಟ್ಟಿದ್ದಾಗಿದೆ, ಮಕ್ಕಳು ಅಳುತ್ತಿದ್ದಾರೆ. ಆದರೆ ಹಿಮ ಇವಾವುದನ್ನೂ ಲೆಕ್ಕಿಸುವುದಿಲ್ಲ. ಅಂಥ ವೇಳೆ ಕಾರನ್ನು ಕೆಳಗೇ ನಿಲ್ಲಿಸಿ, ಆ ದಾರಿಯಲ್ಲೇ ಬದುಕು ಸವೆಸಿದ ಸ್ಥಳೀಯ ಚಾಲಕನ ವಾಹನದಲ್ಲಿ ಹೋಗಬಹುದು. ಅವನೂ ಬೇಡವೆಂದರೆ ಆ ದಿನ ಅಲ್ಲಿಯೇ ತಂಗಬಹುದು. ಎರಡರಲ್ಲಿ ಯಾವುದೂ ಅವಮಾನವಲ್ಲ.

‘ತಾಳಿದವನು ಬಾಳಿಯಾನು’ ಎಂಬ ನಮ್ಮ ಗಾದೆ ಹಿಮ ಬೀಳದ ನಾಡಿನಲ್ಲಿ ಹುಟ್ಟಿದ್ದು. ಆದರೆ ಹಿಮದ ನಾಡಿಗೆ ಅದಕ್ಕಿಂತ ಒಪ್ಪುವ ಮಾತು ಬೇರೊಂದಿಲ್ಲ. ಇಳಿಜಾರಿನ ತಲೆಯಲ್ಲಿ ಒಂದು ನಿಮಿಷ ನಿಂತು ಯೋಚಿಸಿದವನು ಮುಂದಿನ ಚಳಿಗಾಲದಲ್ಲಿ ಮತ್ತೆ ಬಂದು ಹಿಮವನ್ನು ನೋಡಿಯಾನು, ಮಕ್ಕಳಿಗೂ ತೋರಿಸಿಯಾನು.